ತಿದ್ದಿಕೊಳ್ಳುವ ಹಟ ನಿಂತರೆ ಸಾಧನೆಯೂ ನಿಂತುಹೋಗುತ್ತದೆಯೇ?

ತಿಳಿಗೊಳ (ಚರ್ಚೆ ಆರಂಭಿಸಿದವರು)

11 ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಆಸನ, ಪ್ರಾಣಾಯಾಮ ಮತ್ತು ಅರ್ಧ ಗಂಟೆಯ ಧ್ಯಾನವನ್ನು ತಪ್ಪದೆ ನಡೆಸಿಕೊಂಡು ಬಂದಿದ್ದೇನೆ. ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳದ ಒಂದು ಸಂಗತಿಯನ್ನು ಇಲ್ಲಿ ಇಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ದೇಹ ಹಗುರಾಗಿದೆ, ಉಸಿರು ನೀಳವಾಗಿದೆ, ನಿದ್ರೆ ಚೆನ್ನಾಗಿ ಬರುತ್ತದೆ. ಆದರೆ ನನ್ನ ಬಗ್ಗೆ ನನಗಿರುವ ಅತೃಪ್ತಿ ಮಾತ್ರ ಕೂದಲೆಳೆಯಷ್ಟೂ ಕರಗಿಲ್ಲ.

ಪಶ್ಚಿಮೋತ್ತಾನಾಸನದಲ್ಲಿ ಮುಂದಕ್ಕೆ ಬಾಗುವಾಗ ಮೊದಲ ವರ್ಷ ನನ್ನ ಕೈ ಪಾದವನ್ನು ಮುಟ್ಟುತ್ತಿರಲಿಲ್ಲ. ಆಗ ಅದೇ ದೊಡ್ಡ ಕೊರಗಾಗಿತ್ತು. ಕೈ ಮುಟ್ಟಿದ ಮೇಲೆ, ಹಣೆ ಮೊಣಕಾಲನ್ನು ತಲುಪುತ್ತಿಲ್ಲ ಎಂಬ ಕೊರಗು ಅದರ ಜಾಗಕ್ಕೆ ಬಂತು. ಮೊನ್ನೆ ಬೆಳಿಗ್ಗೆ ಬಾಗಿದ್ದಾಗ ನನ್ನನ್ನೇ ಗಮನಿಸಿದೆ: ಹಣೆಗೂ ಮೊಣಕಾಲಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು, ಹಲ್ಲುಗಳು ಕಚ್ಚಿಕೊಂಡಿದ್ದವು, ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿತ್ತು, ಉಸಿರು ಗಂಟಲಿನಲ್ಲೇ ನಿಂತಿತ್ತು. ಒಳಗಿನಿಂದ ಯಾರೋ "ನಿನ್ನಿಂದ ಇಷ್ಟೂ ಆಗುವುದಿಲ್ಲವೇ" ಎಂದು ಗದರಿಸುತ್ತಿದ್ದರು. ಕೆಲಸದ ಜಾಗದಲ್ಲಿ, ಮಕ್ಕಳೊಡನೆ ಮಾತನಾಡುವಾಗ, ಕನ್ನಡಿಯ ಮುಂದೆ ನಿಂತಾಗ ನನಗೆ ಕೇಳಿಸುವುದೂ ಅದೇ ಧ್ವನಿ. ಯೋಗದ ಚಾಪೆಯ ಮೇಲೆ ಕುಳಿತು ಇಷ್ಟು ವರ್ಷ ನಾನು ಆ ಧ್ವನಿಗೇ ಕಸರತ್ತು ಮಾಡಿಸಿ ಅದನ್ನು ಬಲಪಡಿಸಿದೆನೇನೋ ಎಂದು ಆ ಕ್ಷಣದಲ್ಲಿ ದುಃಖವಾಯಿತು.

"ನಿಮ್ಮನ್ನು ನೀವು ಇರುವ ಹಾಗೆಯೇ ಒಪ್ಪಿಕೊಳ್ಳಿ" ಎಂದು ಎಲ್ಲರೂ ಹೇಳುತ್ತಾರೆ. ಒಪ್ಪಿಕೊಂಡ ಮರುದಿನ ನಾನು ಚಾಪೆ ಹಾಸುವುದಾದರೂ ಏತಕ್ಕೆ ಎಂಬುದು ನನ್ನ ನಿಜವಾದ ಪ್ರಶ್ನೆ. ಪತಂಜಲಿಯು ತನ್ನ ಯೋಗಸೂತ್ರದಲ್ಲಿ ನಿಯಮಗಳನ್ನು ಹೇಳುವ ಕಡೆ (2.32) ಶೌಚದ, ಎಂದರೆ ಶುಚಿತ್ವದ, ನಂತರ ಸಂತೋಷವನ್ನೂ ಅದರ ಪಕ್ಕದಲ್ಲೇ ತಪಸ್ಸನ್ನೂ ಇಟ್ಟಿದ್ದಾನೆ. ಇದ್ದುದರಲ್ಲಿ ತೃಪ್ತನಾಗಿರುವುದು ಮತ್ತು ಬೆಂಕಿಯಂತೆ ಸಾಧಿಸುವುದು, ಇವೆರಡೂ ಒಬ್ಬನೇ ಮನುಷ್ಯನಲ್ಲಿ ಜೊತೆಯಾಗಿ ಬಾಳುವುದು ಹೇಗೆ? ಪುಸ್ತಕದ ಉತ್ತರಕ್ಕಿಂತ, ಇದನ್ನು ಹಾದುಬಂದವರ ಮಾತು ನನಗೆ ಬೇಕಾಗಿದೆ.

ನಡುದಾರಿ

ತಿಳಿಗೊಳ ಅವರೇ, ನೀವು ಪುಸ್ತಕದ ಉತ್ತರ ಬೇಡವೆಂದಿದ್ದೀರಿ. ಆದರೂ ಒಂದು ಪದದ ಮಾತನ್ನು ಮೊದಲು ಹೇಳಲೇಬೇಕು, ಏಕೆಂದರೆ ತೊಡಕು ಅಲ್ಲಿಂದಲೇ ಶುರುವಾಗುತ್ತದೆ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ನಾವು ಸಂತೋಷ ಎಂದಾಗ ಖುಷಿ, ಹಿಗ್ಗು ಎಂಬ ಅರ್ಥ ಬರುತ್ತದೆ. ಯೋಗಸೂತ್ರದ ಸಂತೋಷ ಅದಲ್ಲ. ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯವು ಅದನ್ನು, ಕೈಗೆ ಸಿಕ್ಕಿರುವ ಸಾಧನಕ್ಕಿಂತ ಹೆಚ್ಚಿನದನ್ನು ಪಡೆಯುವ ಇಚ್ಛೆ ಇಲ್ಲದಿರುವುದು ಎಂದು ವಿವರಿಸುತ್ತದೆ. ಅದು ಹೆಸರಿಸುವುದು ಸಾಧನವನ್ನು ಎಂಬುದನ್ನು ಗಮನಿಸಬೇಕು. ನನಗೆ ಸಿಕ್ಕಿರುವ ಈ ದೇಹ, ಈ ವಯಸ್ಸು, ಈ ಬುದ್ಧಿ, ಇಂದು ಸಿಕ್ಕಿರುವ ಈ ಅರ್ಧ ಗಂಟೆ, ಇವು ನನ್ನ ಸಾಧನಗಳು. ಬೇರೆ ಸಾಧನ ಸಿಕ್ಕಿದ್ದರೆ ಎಂದು ಹಂಬಲಿಸುವುದನ್ನು ಬಿಟ್ಟು ಇವುಗಳಿಂದಲೇ ಕೆಲಸ ಮಾಡಲು ತೊಡಗುವುದು ಸಂತೋಷ. ಹಾಗೆ ತೊಡಗಿದ ಕೆಲಸವೇ ತಪಸ್ಸು. ಬಡಗಿಯು ತನ್ನ ಮುಂದಿರುವ ಮರದ ಎಳೆ ಯಾವ ಕಡೆಗೆ ಓಡುತ್ತಿದೆ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಉಳಿ ಇಡುತ್ತಾನೆ. ಎಳೆಯನ್ನು ಒಪ್ಪಿಕೊಂಡದ್ದರಿಂದ ಅವನ ಕೆಲಸ ನಿಲ್ಲುವುದಿಲ್ಲ, ಮರ ಸೀಳುವುದೂ ಇಲ್ಲ.

ನೀವು ವಿವರಿಸಿದ ಕಚ್ಚಿದ ಹಲ್ಲಿನ ಬಗ್ಗೆಯೂ ಸೂತ್ರಕಾರ ಹೇಳಿದ್ದಾನೆ. ಆಸನವೆಂದರೆ ಸ್ಥಿರವೂ ಸುಖವೂ ಆಗಿರುವುದು (2.46). ಅದು ಸಿದ್ಧಿಸುವ ಬಗೆಯನ್ನು ಹೇಳುವ ಮುಂದಿನ ಸೂತ್ರವು ಆರಂಭವಾಗುವುದೇ "ಪ್ರಯತ್ನಶೈಥಿಲ್ಯ" ಎಂಬ ಮಾತಿನಿಂದ, ಎಂದರೆ ಪ್ರಯತ್ನದ ಬಿಗಿಯನ್ನು ಸಡಿಲಿಸುವುದರಿಂದ. ಹದಿನೈದನೆಯ ಶತಮಾನದ ಹಠಪ್ರದೀಪಿಕೆ ಎಂಬ ಗ್ರಂಥ, ಹೆಸರಿನಲ್ಲೇ ಹಠವನ್ನು ಇಟ್ಟುಕೊಂಡಿದ್ದರೂ, ಯೋಗವನ್ನು ಕೆಡಿಸುವ ಆರು ಸಂಗತಿಗಳಲ್ಲಿ ಅತಿಯಾದ ಪ್ರಯಾಸವನ್ನೂ ನಿಯಮಗಳಿಗೆ ಹಟದಿಂದ ಅಂಟಿಕೊಳ್ಳುವುದನ್ನೂ ಸೇರಿಸಿದೆ.

ಇನ್ನೊಂದು ಮಾತು ಹೇಳುವುದಾದರೆ, ನಾವು ದಿನವೂ ಬಳಸುವ "ಸಮಾಧಾನ" ಎಂಬ ಪದವೂ "ಸಮಾಧಿ" ಎಂಬ ಪದವೂ ಒಂದೇ ಧಾತುವಿನಿಂದ, ಒಂದೇ ಉಪಸರ್ಗಗಳಿಂದ ಬಂದವು. ಅಳುವ ಮಗುವಿಗೆ ನಾವು ಮಾಡುವುದು ಮತ್ತು ಯೋಗಿ ಕೊನೆಯಲ್ಲಿ ತಲುಪುವುದು, ಎರಡಕ್ಕೂ ಮೂಲದಲ್ಲಿ ಚೆನ್ನಾಗಿ ಒಂದೆಡೆ ಇರಿಸುವುದು ಎಂಬ ಅರ್ಥವೇ ಇದೆ.

ಬಿಳಿಹಾಳೆ

ಪಾಲಿ ಸುತ್ತಗಳನ್ನು, ಎಂದರೆ ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳನ್ನು, ಕೆಲವು ವರ್ಷಗಳಿಂದ ಓದುತ್ತಿರುವವಳಾಗಿ ಬುದ್ಧನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು "ಮಾನ" ಎಂಬುದರ ಬಗ್ಗೆ. ನಾವು ಅದನ್ನು ಗರ್ವ ಎಂದು ತಿಳಿಯುತ್ತೇವೆ. ಸುತ್ತಗಳಲ್ಲಿ ಮಾನಕ್ಕೆ ಮೂರು ರೂಪಗಳಿವೆ: ನಾನು ಇತರರಿಗಿಂತ ಮೇಲು ಎನ್ನುವುದು, ನಾನು ಇತರರಿಗೆ ಸಮ ಎನ್ನುವುದು, ನಾನು ಇತರರಿಗಿಂತ ಕೀಳು ಎನ್ನುವುದು. ಮೂರನೆಯದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನ್ನನ್ನು ನಾನು ಹೀಯಾಳಿಸಿಕೊಳ್ಳುವುದನ್ನು ಅಲ್ಲಿಯವರೆಗೆ ವಿನಯ ಎಂದೇ ಭಾವಿಸಿದ್ದೆ. ತಕ್ಕಡಿ ಮೇಲಕ್ಕೆ ಹೋದರೂ ಕೆಳಕ್ಕೆ ಬಂದರೂ ತೂಗಿಸಿಕೊಳ್ಳುತ್ತಿರುವುದು ಅದೇ "ನಾನು". ಆದ್ದರಿಂದ ಬೌದ್ಧ ದೃಷ್ಟಿಯಲ್ಲಿ ತನ್ನನ್ನು ಒಪ್ಪಿಕೊಳ್ಳುವುದೆಂದರೆ "ನಾನು ಚೆನ್ನಾಗಿದ್ದೇನೆ" ಎಂಬ ಒಳ್ಳೆಯ ತೀರ್ಪನ್ನು ತನಗೆ ತಾನೇ ಕೊಟ್ಟುಕೊಳ್ಳುವುದಲ್ಲ, ತೂಗುವುದನ್ನೇ ನಿಲ್ಲಿಸುವುದು.

ಎರಡನೆಯದು ತೃಷ್ಣೆಯ ಬಗ್ಗೆ. ದುಃಖದ ಮೂಲವನ್ನು ಹೇಳುವಾಗ ಬುದ್ಧನು ಮೂರು ತೃಷ್ಣೆಗಳನ್ನು ಹೆಸರಿಸುತ್ತಾನೆ: ಕಾಮತೃಷ್ಣೆ (ಇಂದ್ರಿಯಸುಖದ ಹಂಬಲ), ಭವತೃಷ್ಣೆ (ಆಗಬೇಕು, ಇರಬೇಕು ಎಂಬ ಹಂಬಲ), ವಿಭವತೃಷ್ಣೆ (ಇಲ್ಲವಾಗಬೇಕು ಎಂಬ ಹಂಬಲ). ಸಾಂಪ್ರದಾಯಿಕ ವ್ಯಾಖ್ಯಾನಗಳು ವಿಭವತೃಷ್ಣೆಯನ್ನು ಉಚ್ಛೇದವಾದಕ್ಕೆ, ಎಂದರೆ ಸಾವಿನೊಡನೆ ಎಲ್ಲವೂ ಅಳಿಯುತ್ತದೆ ಎಂಬ ವಾದಕ್ಕೆ, ಜೋಡಿಸುತ್ತವೆ. ಇಂದಿನ ಹಲವು ಧ್ಯಾನಗುರುಗಳು ಅದನ್ನು ವಿಸ್ತರಿಸಿ, ನನ್ನಲ್ಲಿರುವ ಇದು ಇಲ್ಲವಾಗಲಿ ಎಂಬ ಹಂಬಲವೂ ಅದೇ ಎನ್ನುತ್ತಾರೆ. ತಿಳಿಗೊಳ ಅವರ ಚಾಪೆಯ ಮೇಲೆ ಎರಡು ತೃಷ್ಣೆಗಳು ಜೊತೆಯಾಗಿ ಕುಳಿತಿವೆ ಎಂದು ನನಗೆ ಅನ್ನಿಸಿತು: ಬಾಗಬಲ್ಲ ಒಬ್ಬ ತಾನಾಗಬೇಕು ಎಂಬುದು ಒಂದು, ಬಾಗದ ಈ ತಾನು ಅಳಿಯಬೇಕು ಎಂಬುದು ಇನ್ನೊಂದು.

ಹಾಗೆಂದು ಬುದ್ಧನು ಸುಮ್ಮನಿರಲು ಹೇಳಿದವನಲ್ಲ. ಧಮ್ಮಪದವು ತೃಪ್ತಿಯನ್ನು ಪರಮಧನ ಎಂದು ಕರೆಯುತ್ತದೆ (204). ಅದೇ ಬುದ್ಧನು ಅಂಗುತ್ತರ ನಿಕಾಯ ಎಂಬ ಸುತ್ತಗಳ ಸಂಗ್ರಹದ ದುಕನಿಪಾತ ಎಂಬ ಭಾಗದಲ್ಲಿ, ಎರಡು ಸಂಗತಿಗಳ ಬೆಲೆ ತನಗೆ ಗೊತ್ತಾಯಿತು ಎಂದು ಹೇಳುತ್ತಾನೆ: ಕುಶಲಧರ್ಮಗಳ, ಎಂದರೆ ಒಳ್ಳೆಯ ಗುಣಗಳ, ವಿಷಯದಲ್ಲಿ ಅತೃಪ್ತನಾಗಿರುವುದು ಮತ್ತು ಪ್ರಯತ್ನದಲ್ಲಿ ಹಿಂದೆಗೆಯದಿರುವುದು. ತೃಪ್ತಿ ಹೇಳಿರುವುದು ಉಡುಗೆ, ಆಹಾರ, ವಸತಿಯಂಥವುಗಳಲ್ಲಿ. ಮೈತ್ರಿ, ಏಕಾಗ್ರತೆ, ವಿವೇಕಗಳಲ್ಲಿ ಸಾಕೆನ್ನಬಾರದು. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಮೈಕಟ್ಟು, ಹೆಸರು, ಗಳಿಕೆಗಳಲ್ಲಿ ನಮಗೆ ಅತೃಪ್ತಿ, ಕರುಣೆಯಲ್ಲಿ ಮಾತ್ರ ಇರುವಷ್ಟೇ ಸಾಕು.

ಸಾಲುದೀಪ

ಮೇಲಿನ ಎರಡೂ ಬರಹಗಳನ್ನು ಗೌರವದಿಂದ ಓದಿದೆ. ಆದರೆ "ಒಪ್ಪಿಕೋ", "ತೃಪ್ತಿಪಡು" ಎಂಬ ಮಾತುಗಳು ಎಲ್ಲರ ಕಿವಿಗೂ ಒಂದೇ ಹಾಗೆ ಬೀಳುವುದಿಲ್ಲ ಎಂಬುದನ್ನು ಇಲ್ಲಿ ಯಾರಾದರೂ ಹೇಳಬೇಕು. ನನ್ನ ಬಾಲ್ಯದಲ್ಲಿ ಈ ಮಾತುಗಳನ್ನು ಹೇಳುತ್ತಿದ್ದದ್ದು ನನ್ನ ಪಾಲನ್ನು ಕಡಿಮೆ ಮಾಡಬೇಕಾದಾಗ ಮಾತ್ರ. ಓದು ಮುಂದುವರಿಸುವ ವಿಷಯ ಬಂದಾಗ ಇದ್ದುದರಲ್ಲಿ ತೃಪ್ತಿಪಡು ಎಂದರು. ಮದುವೆಯ ನಂತರ ಕಷ್ಟ ಹೇಳಿಕೊಂಡಾಗಲೂ ಅದನ್ನೇ ಎಂದರು. ನನ್ನ ಅತೃಪ್ತಿಯೇ ನನ್ನನ್ನು ಉಳಿಸಿತು. ಅದು ಇಲ್ಲದಿದ್ದರೆ ನಾನು ಇಂದು ನನ್ನ ಕಾಲ ಮೇಲೆ ನಿಂತಿರುತ್ತಿರಲಿಲ್ಲ. ಆದ್ದರಿಂದ ಒಪ್ಪಿಕೊಳ್ಳುವುದನ್ನು ಹೊಗಳುವ ಮೊದಲು, ಯಾವುದನ್ನು ಒಪ್ಪಿಕೊಳ್ಳುವುದು, ಯಾವುದನ್ನು ಒಪ್ಪಿಕೊಳ್ಳಲೇಬಾರದು ಎಂಬುದನ್ನು ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಬಿಳಿಹಾಳೆ

ಸಾಲುದೀಪ ಅವರೇ, ನೀವು ಹೇಳಿದ್ದು ಅಕ್ಷರಶಃ ಸರಿ. ಐದನೆಯ ಶತಮಾನದಲ್ಲಿ ಬುದ್ಧಘೋಷನು ರಚಿಸಿದ ವಿಸುದ್ಧಿಮಗ್ಗ ಎಂಬ ಬೌದ್ಧ ಗ್ರಂಥದಲ್ಲಿ ಮೈತ್ರಿ, ಕರುಣೆ, ಮುದಿತೆ (ಇತರರ ಒಳಿತಿಗೆ ಹಿಗ್ಗುವುದು), ಉಪೇಕ್ಷೆ (ಸಮಚಿತ್ತ) ಎಂಬ ನಾಲ್ಕು ಭಾವಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಹತ್ತಿರದ ಶತ್ರುವನ್ನು ಹೆಸರಿಸಲಾಗಿದೆ, ಎಂದರೆ ನೋಡಲು ಅದರಂತೆಯೇ ಇದ್ದು ಅದನ್ನೇ ತಿಂದುಹಾಕುವಂಥದ್ದು. ಉಪೇಕ್ಷೆಗೆ ಹತ್ತಿರದ ಶತ್ರು ಅಜ್ಞಾನದಿಂದ ಹುಟ್ಟಿದ ನಿರ್ಲಕ್ಷ್ಯ. ನಿಮಗೆ ಉಪದೇಶಿಸಿದ್ದು ಆ ನಿರ್ಲಕ್ಷ್ಯವನ್ನು, ತೃಪ್ತಿಯ ಹೆಸರಿನಲ್ಲಿ.

ನಾನು ತಿಳಿದಿರುವ ಮಟ್ಟಿಗೆ, ಒಪ್ಪಿಕೊಳ್ಳಬೇಕಾದದ್ದು ಈ ಕ್ಷಣದಲ್ಲಿ ಒಳಗೆ ನಡೆಯುತ್ತಿರುವುದನ್ನು ಮಾತ್ರ: ನನಗೆ ನೋವಾಗಿದೆ, ನನಗೆ ಸಿಟ್ಟು ಬಂದಿದೆ, ನನಗೆ ಭಯವಾಗಿದೆ. ಹೊರಗೆ ನಡೆದ ಅನ್ಯಾಯವನ್ನು ಒಪ್ಪಿಕೊಳ್ಳಬೇಕೆಂದು ಇದರಿಂದ ಬರುವುದಿಲ್ಲ. ನನಗೆ ನೋವಾಗಿದೆ ಎಂದು ಒಪ್ಪಿಕೊಂಡವಳೇ ಇದು ಸಾಕು ಎಂದು ಎದ್ದು ನಿಲ್ಲಲು ಸಾಧ್ಯ. ನೀವು ಅತೃಪ್ತಿ ಎಂದು ಕರೆದದ್ದರ ಒಳಗೆ ಇದ್ದದ್ದು, ನನ್ನ ನೋವು ನಿಜ ಎಂದು ನೀವು ನಿಮಗೇ ಕೊಟ್ಟುಕೊಂಡ ಒಪ್ಪಿಗೆ ಎಂದು ನನಗೆ ಅನ್ನಿಸುತ್ತದೆ.

ಸಾಲುದೀಪ

ಹಾಗೆ ನೋಡಿದರೆ ಒಪ್ಪುತ್ತೇನೆ. ನನಗೆ ಯಾರೂ ಇದನ್ನು ಈ ರೀತಿ ಹೇಳಿರಲಿಲ್ಲ.

ಹಳೆಯ ಚಾಪೆ

ಹಾದುಬಂದವರ ಮಾತು ಬೇಕೆಂದು ತಿಳಿಗೊಳ ಅವರು ಕೇಳಿದ್ದಾರೆ. ನನಗೆ 63 ವರ್ಷ. ನಲವತ್ತರ ಹತ್ತಿರ ಯೋಗಾಭ್ಯಾಸಕ್ಕೆ ಇಳಿದೆ, ತಡವಾಯಿತೆಂಬ ಆತುರದಿಂದಲೇ ಇಳಿದೆ. ತರಗತಿಯೊಂದರಲ್ಲಿ ನಾನು ಇದೇ ಪಶ್ಚಿಮೋತ್ತಾನಾಸನದಲ್ಲಿದ್ದಾಗ ಶಿಕ್ಷಕರು ಬೆನ್ನಿನ ಮೇಲೆ ಕೈಯಿಟ್ಟು ಒತ್ತಿದರು. ಸಾಕು ಎಂದು ಹೇಳಲು ನನಗೆ ನಾಚಿಕೆಯಾಯಿತು. ತೊಡೆಯ ಹಿಂಭಾಗದಲ್ಲಿ, ಕುಳಿತುಕೊಳ್ಳುವ ಮೂಳೆಯ ಹತ್ತಿರ, ಒದ್ದೆ ಬಟ್ಟೆಯನ್ನು ಹರಿದಂತೆ ಒಂದು ಅನುಭವವಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಕುರ್ಚಿಯ ಮೇಲೆ ನೆಟ್ಟಗೆ ಕೂರಲಾಗಲಿಲ್ಲ. ಶಿಕ್ಷಕರ ಮೇಲೆ ನನಗೆ ಬಹಳ ದಿನ ಕೋಪವಿತ್ತು. ಆದರೆ ಅವರ ಕೈಗಿಂತ ಮೊದಲೇ ನನ್ನ ಬೆನ್ನನ್ನು ಒತ್ತುತ್ತಿದ್ದದ್ದು ನಾನೇ ಎಂಬುದು ನಿಧಾನವಾಗಿ ತಿಳಿಯಿತು.

ಆ ವರ್ಷ ನಾನು ಮಾಡಲು ಸಾಧ್ಯವಿದ್ದದ್ದು ಶವಾಸನ ಮತ್ತು ಉಸಿರನ್ನು ಗಮನಿಸುವುದು, ಎರಡೇ. ಮೊದಲ ತಿಂಗಳುಗಳಲ್ಲಿ ಮಲಗಿದ್ದಾಗಲೂ ನಾನು ಶಿಕ್ಷೆ ಅನುಭವಿಸುವವನಂತೆ ಮಲಗಿರುತ್ತಿದ್ದೆ. ಒಂದು ದಿನ ಉಸಿರು ಹೊರಗೆ ಹೋಗುವಾಗ ಗಾಯದ ಸುತ್ತಲಿನ ಬಿಗಿ ತಾನಾಗಿಯೇ ಸ್ವಲ್ಪ ಇಳಿಯುವುದನ್ನು, ಒಳಗೆ ಬರುವಾಗ ಸ್ವಲ್ಪ ಏರುವುದನ್ನು ಗಮನಿಸಿದೆ. ನಾನು ಏನೂ ಮಾಡುತ್ತಿರಲಿಲ್ಲ. ಗಾಯ ಇದ್ದೇ ಇತ್ತು, ನೋವು ಇದ್ದೇ ಇತ್ತು, ಆದರೂ ಆ ನಾಲ್ಕೈದು ಉಸಿರುಗಳ ಕಾಲ ನನಗೆ ಏನೂ ಕಡಿಮೆಯಿರಲಿಲ್ಲ. ನನ್ನ ಇಡೀ ಅಭ್ಯಾಸದಲ್ಲಿ ತೃಪ್ತಿ ಎಂದರೇನೆಂದು ಮೊದಲ ಬಾರಿ ತಿಳಿದದ್ದು ಹಾಗೆ, ಶವಾಸನ ಬಿಟ್ಟು ಬೇರೆ ಒಂದು ಆಸನವನ್ನೂ ಮಾಡಲಾಗದ ಕಾಲದಲ್ಲಿ.

ಬುದ್ಧನ ಜೀವನದಲ್ಲಿಯೂ ಇಂಥ ಒಂದು ತಿರುವು ಇದೆ. ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿ ಅವನೇ ಅದನ್ನು ಹೇಳುತ್ತಾನೆ. ಹಲ್ಲು ಕಚ್ಚಿ, ಉಸಿರು ಕಟ್ಟಿ, ಊಟ ಬಿಟ್ಟು, ಹೊಟ್ಟೆ ಮುಟ್ಟಿದರೆ ಬೆನ್ನೆಲುಬು ಸಿಗುವಷ್ಟು ಕೃಶನಾದ ಮೇಲೂ ದಾರಿ ಕಾಣಲಿಲ್ಲ. ಆಗ ಬಾಲ್ಯದ ಒಂದು ನೆನಪು ಬಂತು: ತಂದೆ ಕೆಲಸದಲ್ಲಿ ತೊಡಗಿದ್ದಾಗ ತಾನು ನೇರಳೆ ಮರದ ತಂಪು ನೆರಳಿನಲ್ಲಿ ಕುಳಿತಿದ್ದದ್ದು, ಯಾರೂ ಕಲಿಸದೆಯೇ ಮನಸ್ಸು ಧ್ಯಾನಕ್ಕೆ ಇಳಿದದ್ದು. ಕಾಮಕ್ಕೂ ಕೇಡಿಗೂ ಸಂಬಂಧವಿಲ್ಲದ ಆ ಸುಖಕ್ಕೆ ನಾನೇಕೆ ಅಂಜುತ್ತಿದ್ದೇನೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಆಮೇಲೆ ಎದ್ದು ಊಟ ಮಾಡಿದ. ಜೊತೆಯಲ್ಲಿದ್ದ ಐವರು ಇವನು ಕೆಟ್ಟನೆಂದು ಬಿಟ್ಟುಹೋದರು. ಈ ಭಾಗವನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ತನ್ನನ್ನು ದಂಡಿಸಿಕೊಳ್ಳುವುದನ್ನು ನಿಲ್ಲಿಸುವುದಕ್ಕೂ ಧೈರ್ಯ ಬೇಕು, ಏಕೆಂದರೆ ನೋಡುವವರಿಗೆ ಅದು ಸೋಲಿನಂತೆ ಕಾಣುತ್ತದೆ.

ತಿಳಿಗೊಳ ಅವರೇ, ಒಪ್ಪಿಕೊಂಡ ಮರುದಿನ ಚಾಪೆ ಹಾಸುವುದು ಏಕೆ ಎಂದಿರಿ. ನನ್ನ ಮಟ್ಟಿಗೆ ಹೇಳುವುದಾದರೆ, ಹಲ್ಲುಜ್ಜುವುದಕ್ಕೆ ನಾನು ನನ್ನ ಹಲ್ಲನ್ನು ದ್ವೇಷಿಸಬೇಕಾಗಿಲ್ಲ. 20 ವರ್ಷಗಳಿಂದ ಚಾಪೆ ಹಾಸುತ್ತಿದ್ದೇನೆ, ಮೊದಲಿಗಿಂತ ಹೆಚ್ಚು ನಿಯಮದಿಂದ. ಶಿಕ್ಷೆ ಕೊಡುವ ಜಾಗಕ್ಕೆ ಹೋಗಲು ಮನಸ್ಸು ನೆಪ ಹುಡುಕುತ್ತಿತ್ತು, ಈಗ ಹುಡುಕುವುದಿಲ್ಲ.

ಇಬ್ಬನಿ

ಇಷ್ಟು ದಿನ ಓದುತ್ತಿದ್ದೆನೇ ಹೊರತು ಬರೆದಿರಲಿಲ್ಲ. ನನ್ನ ತೊಂದರೆ ಇನ್ನೂ ಸಣ್ಣದು, ಆದರೆ ದಿನವೂ ಕಾಡುವಂಥದ್ದು. ಕಳೆದ ವಾರ ರಾತ್ರಿ ನನ್ನ ಏಳು ವರ್ಷದ ಮಗನ ಮೇಲೆ ಕಿರುಚಿದೆ. ಅವನು ಲೋಟದ ನೀರನ್ನು ಪುಸ್ತಕದ ಮೇಲೆ ಚೆಲ್ಲಿದ್ದ, ಅಷ್ಟೇ. ಅವನು ಮಲಗಿದ ಮೇಲೆ ಮೈತ್ರಿಧ್ಯಾನಕ್ಕೆ ಕುಳಿತು "ನಾನು ಸುಖಿಯಾಗಿರಲಿ, ನಾನು ನಿರ್ದುಃಖಿಯಾಗಿರಲಿ" ಎಂದು ಹೇಳಿಕೊಳ್ಳಲು ಹೋದೆ. ಪ್ರತಿ ಸಲವೂ ಒಳಗಿನಿಂದ "ನಿನಗೆ ಯಾಕೆ ಸುಖ?" ಎಂಬ ಮಾತು ಎದ್ದು ಬಂತು. ಕೊನೆಗೆ ಎದ್ದುಬಿಟ್ಟೆ. ಮಗನಿಗೆ ಮೈತ್ರಿ ಕಳಿಸುವುದು ನನಗೆ ಕಷ್ಟವಲ್ಲ, ಅಪರಿಚಿತರಿಗೂ ಕಷ್ಟವಲ್ಲ. ನನಗೇ ಕಳಿಸಿಕೊಳ್ಳಲು ಮಾತ್ರ ಆಗುತ್ತಿಲ್ಲ. ಸಿಟ್ಟು ಬಂದದ್ದರ ಮೇಲೆ ಇನ್ನೊಂದು ಸಿಟ್ಟು. ಇದಕ್ಕೆ ಏನು ಮಾಡುವುದು?

ಬಿಳಿಹಾಳೆ

ಇಬ್ಬನಿ ಅವರೇ, ನೀವು ಸಣ್ಣದೆಂದು ಕರೆದದ್ದು ಸಣ್ಣದಲ್ಲ. ಸಲ್ಲತ್ಥ ಸುತ್ತವೆಂಬ ಒಂದು ಚಿಕ್ಕ ಉಪದೇಶ ಇದರ ಮೇಲೆಯೇ ಇದೆ. ಒಬ್ಬನಿಗೆ ಒಂದು ಬಾಣ ತಗಲುತ್ತದೆ. ಅದರ ಬೆನ್ನಿಗೆ ಎರಡನೆಯ ಬಾಣವೂ ತಗಲುತ್ತದೆ. ಮೊದಲನೆಯದು ಆಗಿಹೋದ ನೋವು, ಎರಡನೆಯದು ಆ ನೋವಿಗಾಗಿ ಮರುಗಿ, ಗೋಳಾಡಿ, ಎದೆ ಬಡಿದುಕೊಳ್ಳುವುದರಿಂದ ಆಗುವ ನೋವು. ಬಲ್ಲವನಿಗೂ ಮೊದಲ ಬಾಣ ತಗಲುತ್ತದೆ ಎಂದು ಸುತ್ತ ಹೇಳುತ್ತದೆ. ಮಗನಿಗೆ ನೋವಾಯಿತೆಂಬ ಸಂಕಟ ನಿಮ್ಮ ಮೊದಲ ಬಾಣ. ಅದು ಇರಬೇಕಾದದ್ದೇ, ಅದರಿಂದಲೇ ನಾಳೆ ನೀವು ಅವನ ಬಳಿ ಹೋಗಿ ತಪ್ಪಾಯಿತು ಎನ್ನುತ್ತೀರಿ. "ನಿನಗೆ ಯಾಕೆ ಸುಖ" ಎಂಬುದು ಎರಡನೆಯದು, ಅದರಿಂದ ಮಗನಿಗೆ ಯಾವ ಉಪಕಾರವೂ ಇಲ್ಲ.

ಮೈತ್ರಿಯನ್ನು ತನ್ನಿಂದಲೇ ಆರಂಭಿಸಬೇಕೆಂದು ವಿಸುದ್ಧಿಮಗ್ಗ ಹೇಳುವುದು ನಿಜ. ಆದರೆ ಅದು ಕೊಡುವ ಕಾರಣವನ್ನು ನೋಡಿ: ತನ್ನನ್ನು ಸಾಕ್ಷಿಯಾಗಿ ಇಟ್ಟುಕೊಳ್ಳುವುದಕ್ಕಾಗಿ. ನನಗೆ ಸುಖ ಬೇಕು, ದುಃಖ ಬೇಡ, ಹಾಗೆಯೇ ಉಳಿದ ಜೀವಿಗಳಿಗೂ ಎಂದು ಅರಿಯುವುದಕ್ಕಾಗಿ. ಅಲ್ಲಿ ಅರ್ಹತೆಯ ಮಾತೇ ಇಲ್ಲ, ನೀವು ಒಳ್ಳೆಯವರಾಗಿರಬೇಕೆಂಬ ಷರತ್ತೂ ಇಲ್ಲ. ಮಲ್ಲಿಕಾ ರಾಣಿಯನ್ನು ಪಸೇನದಿ ರಾಜನು ನಿನಗೆ ನಿನಗಿಂತ ಪ್ರಿಯರಾದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಅವಳು ಇಲ್ಲ ಎಂದಳು. ನಿಮಗೆ ಎಂದು ಮರುಪ್ರಶ್ನೆ ಹಾಕಿದಾಗ ಅವನೂ ಇಲ್ಲ ಎಂದ. ಇದನ್ನು ಕೇಳಿದ ಬುದ್ಧನು ಅವರನ್ನು ಸ್ವಾರ್ಥಿಗಳೆಂದು ಗದರಿಸಲಿಲ್ಲ. ಪ್ರತಿಯೊಬ್ಬರಿಗೂ ತಾನೇ ಪ್ರಿಯ, ಆದ್ದರಿಂದ ತನ್ನನ್ನು ಪ್ರೀತಿಸುವವನು ಇನ್ನೊಬ್ಬರನ್ನು ಹಿಂಸಿಸಬಾರದು ಎಂದ.

ವಾಕ್ಯಗಳು ಸುಳ್ಳೆನಿಸಿದರೆ ಸ್ವಲ್ಪ ಕಾಲ ಬಿಟ್ಟುಬಿಡಿ. ಸತಿಪಟ್ಠಾನ ಸುತ್ತದಲ್ಲಿ ಚಿತ್ತವನ್ನು ನೋಡುವ ಭಾಗದಲ್ಲಿ, ದ್ವೇಷವಿರುವ ಚಿತ್ತವನ್ನು ದ್ವೇಷವಿರುವ ಚಿತ್ತವೆಂದು "ತಿಳಿಯುತ್ತಾನೆ" ಎಂದಷ್ಟೇ ಇದೆ. ಅದನ್ನು ಓಡಿಸುತ್ತಾನೆ ಎಂದಿಲ್ಲ. ಕೆಟ್ಟ ಯೋಚನೆಗಳನ್ನು ಕಳೆಯುವ ಉಪಾಯಗಳನ್ನು ಬುದ್ಧನು ಇನ್ನೊಂದು ಸುತ್ತದಲ್ಲಿ ಹೇಳಿದ್ದಾನೆ, ಐದು ಉಪಾಯಗಳು. ಹಲ್ಲು ಕಚ್ಚಿ ಮನಸ್ಸಿನಿಂದ ಮನಸ್ಸನ್ನು ಅದುಮುವುದು ಅವುಗಳಲ್ಲಿ ಐದನೆಯದು, ಉಳಿದ ನಾಲ್ಕೂ ಸೋತಾಗ ಮಾತ್ರ. ನಮ್ಮಲ್ಲಿ ಹೆಚ್ಚಿನವರು ಐದನೆಯದರಿಂದಲೇ ಆರಂಭಿಸುತ್ತೇವೆ.

ನಡುದಾರಿ

ಒಂದು ಎಚ್ಚರಿಕೆಯ ಮಾತು ಸೇರಿಸುತ್ತೇನೆ, ಇದನ್ನು ನಾನು ಕಾಳಜಿಯಿಂದಲೇ ಹೇಳುತ್ತಿದ್ದೇನೆ. ತನ್ನ ಮೇಲಿನ ತಿರಸ್ಕಾರವು ವಾರಗಟ್ಟಲೆ ಇಳಿಯದೆ, ನಿದ್ರೆಯನ್ನೂ ಊಟವನ್ನೂ ಕೆಡಿಸುತ್ತಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ, ಅದನ್ನು ಧ್ಯಾನದಿಂದ ಮಾತ್ರ ಸರಿಪಡಿಸಿಕೊಳ್ಳುತ್ತೇನೆಂದು ಒಂಟಿಯಾಗಿ ಕೂರಬಾರದು. ಮನೋವೈದ್ಯರನ್ನು ಕಾಣಬೇಕು. ನನಗೆ ಸಹಾಯ ಬೇಕು ಎಂದು ಹೇಳುವುದೂ ತನ್ನನ್ನು ಒಪ್ಪಿಕೊಳ್ಳುವ ಒಂದು ಬಗೆಯೇ. ಕಣ್ಣು ಮುಚ್ಚಿ ಕುಳಿತರೆ ಕಳವಳ ಹೆಚ್ಚುವವರೂ ಇದ್ದಾರೆ. ಅವರಿಗೆ ನಿಂತು ಮಾಡುವ ಆಸನಗಳು, ನಡಿಗೆಯ ಧ್ಯಾನ ಒಗ್ಗುತ್ತವೆ.

ಇಬ್ಬನಿ ಅವರಿಗೆ ಒಂದು ಚಿಕ್ಕ ಸಲಹೆ. ಆ ವಾಕ್ಯಗಳ ಬದಲು ಒಂದು ಕೈಯನ್ನು ಎದೆಯ ಮೇಲೆ ಇಟ್ಟು, ಉಸಿರಿಗೆ ಅದು ಏರಿಳಿಯುವುದನ್ನು ಮಾತ್ರ ಗಮನಿಸಿ ನೋಡಿ. ಕನ್ನಡದಲ್ಲಿ "ಸಂತೈಸು" ಎಂಬ ಹಳೆಯ ಕ್ರಿಯಾಪದವಿದೆ. ಸಂತೈಸುವವರು ಅಳುವವರನ್ನು ಮೊದಲು ವಿಚಾರಣೆ ಮಾಡುವುದಿಲ್ಲ.

ತಿಳಿಗೊಳ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ವಾರಗಳ ನಂತರ ಬರೆಯುತ್ತಿದ್ದೇನೆ, ಏಕೆಂದರೆ ಏನನ್ನಾದರೂ ಮಾಡಿ ನೋಡದೆ ಉತ್ತರಿಸುವುದು ಸರಿಯೆನಿಸಲಿಲ್ಲ.

ಪಶ್ಚಿಮೋತ್ತಾನಾಸನವನ್ನು ಬಿಡಲಿಲ್ಲ. ಹಲ್ಲು ಕಚ್ಚಿಕೊಂಡದ್ದು ಗೊತ್ತಾದ ಕೂಡಲೇ ಒಂದು ಅಂಗುಲ ಹಿಂದಕ್ಕೆ ಬಂದು ಅಲ್ಲಿಯೇ ಹತ್ತು ಉಸಿರು ಇರುವುದೆಂದು ನಿಶ್ಚಯಿಸಿಕೊಂಡೆ. ಮೊದಲ ದಿನಗಳಲ್ಲಿ ಆ ಒಂದು ಅಂಗುಲ ಹಿಂದೆ ಬರುವುದೇ ನನಗೆ ಎಲ್ಲಕ್ಕಿಂತ ಕಷ್ಟದ ಆಸನವಾಗಿತ್ತು. ಐದನೆಯ ದಿನವೋ ಆರನೆಯ ದಿನವೋ, ಗದರಿಸುವ ಧ್ವನಿ ಎಂದಿನಂತೆ ಬಂತು. ಈ ಸಲ ಅದಕ್ಕೆ ಉತ್ತರ ಕೊಡಲಿಲ್ಲ, ಬಾಯಿ ಮುಚ್ಚಿಸಲೂ ಹೋಗಲಿಲ್ಲ, ಕೇಳಿಸಿಕೊಂಡೆ. ಕೇಳುತ್ತಾ ಹೋದಂತೆ ಅದು ಬೈಗುಳಕ್ಕಿಂತ ಹೆಚ್ಚಾಗಿ ಹೆದರಿಕೆಯ ಧ್ವನಿಯಂತೆ ಕೇಳಿಸಿತು. ನಾನು ಎಲ್ಲಿ ಹಿಂದೆ ಬಿದ್ದುಬಿಡುತ್ತೇನೋ ಎಂದು ಹೆದರಿದ ಒಂದು ಮಗು ಒಳಗೆ ಕುಳಿತು ಇಷ್ಟು ವರ್ಷ ಕೂಗುತ್ತಿತ್ತೆಂದು ತೋರಿತು. ಅದನ್ನು ಓಡಿಸಬೇಕೆಂಬ ಆಸೆ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಹಣೆ ಇನ್ನೂ ಮೊಣಕಾಲನ್ನು ಮುಟ್ಟಿಲ್ಲ. ಎರಡು ಬೆರಳಿನ ಜಾಗ ಈಗ ಮೂರು ಬೆರಳಾಗಿದೆ, ಉಸಿರು ಮಾತ್ರ ಗಂಟಲಿನಲ್ಲಿ ನಿಲ್ಲುತ್ತಿಲ್ಲ. ಹಳೆಯ ಚಾಪೆ ಅವರಲ್ಲಿ ಒಂದು ಪ್ರಶ್ನೆ ಉಳಿದಿದೆ: ಧ್ಯಾನಕ್ಕೆ ಕುಳಿತಾಗ ಈ ಹಿಂದಕ್ಕೆ ಬರುವ ಒಂದು ಅಂಗುಲ ಎಲ್ಲಿದೆಯೆಂದು ನನಗೆ ಸಿಗುತ್ತಿಲ್ಲ. ದೇಹದಲ್ಲಾದರೆ ಹಲ್ಲು ಹೇಳುತ್ತದೆ. ಮನಸ್ಸು ಬಿಗಿಯಾದದ್ದನ್ನು ನಿಮಗೆ ಮೊದಲು ತಿಳಿಸುವುದು ಯಾವುದು?

ಹಳೆಯ ಚಾಪೆ

ನನಗೆ ತಿಳಿಸುವುದು ಹುಬ್ಬುಗಳ ನಡುವಿನ ಜಾಗ ಮತ್ತು ಹೊಟ್ಟೆಯ ಕೆಳಭಾಗ. ಯೋಚನೆ ನನಗೆ ಗೊತ್ತಾಗುವ ಮೊದಲೇ ಅವೆರಡೂ ಗಟ್ಟಿಯಾಗಿರುತ್ತವೆ. ನಿಮ್ಮದು ಬೇರೆ ಇರಬಹುದು. ನಾಳೆ ಬೆಳಿಗ್ಗೆ ಕುಳಿತಾಗ ಮೊದಲ ಐದು ನಿಮಿಷ ಅದನ್ನು ಹುಡುಕುವುದಕ್ಕೇ ಇಟ್ಟುಕೊಂಡು ನೋಡಿ, ಸಿಕ್ಕದ್ದನ್ನು ಬಂದು ಬರೆಯಿರಿ.